ಬಿಳಿ ಕಾರ್ಡು

ಮೂವತ್ತೊಂದು ವರ್ಷ ತಾಳವಾಡಿ ಸೆಕ್ಷನ್ನಿನ ಮೀಟರು ಓದಿದವನು ನಾನು.
ಇಗ್ಗಲೂರು, ತಿಗನಾರೆ, ಪನಕಹಳ್ಳಿ.
ಎರಡು ತಿಂಗಳಿಗೊಮ್ಮೆ ಬಾಗಿಲ ಪಕ್ಕದ ಮೊಳೆಯಿಂದ
ಬಿಳಿ ಕಾರ್ಡು ಇಳಿಸಿ, ಅಂಕಿ ಬರೆದು, ಮತ್ತೆ ನೇತುಹಾಕಿ,
ಕೊಟ್ಟ ಮಜ್ಜಿಗೆ ಕುಡಿದು ಮುಂದಿನ ಮನೆಗೆ.
ನಾಯಿಗಳು ಬೊಗಳುವುದು ಬಿಟ್ಟೇ ಎಷ್ಟೋ ಕಾಲವಾಗಿತ್ತು.

ರಿಟೈರಾದ ಮೇಲೆ ಈರೋಡಿನ ಡಾಕ್ಟರೊಬ್ಬರು ಬಳಸಿಬಿಟ್ಟ
ಕರೆಂಟು ಕಾರು ಕೊಂಡೆ. ಬೂದು ಬಣ್ಣ.
‘ಬ್ಯಾಟರಿ ಸವೀತದೆ, ನೋಡ್ಕೊ’ ಅಂದರು ಎಲ್ಲರೂ.
ನೋಡುವುದು ತಾನೆ ನನಗೆ ಬರುವ ಒಂದೇ ಕೆಲಸ.
ಮಿಕ್ಕಿದ್ದ ಖಾಲಿ ಕಾರ್ಡೊಂದಕ್ಕೆ ದಾರ ಕಟ್ಟಿ
ಸ್ಟಿಯರಿಂಗಿನ ಪಕ್ಕ ತೂಗುಬಿಟ್ಟೆ.

ಅಳೆಯಲು ಘಾಟಿಗಿಂತ ಒಳ್ಳೆಯ ಸ್ಕೇಲಿಲ್ಲ.
ಬಣ್ಣಾರಿಯಿಂದ ದಿಂಬಕ್ಕೆ ಇಪ್ಪತ್ತೇಳು ತಿರುವು,
ಒಂದೊಂದಕ್ಕೂ ಬೋರ್ಡು, ಬೋರ್ಡಿಗೊಂದು ನಂಬರು.
ಆರಕ್ಕೆ ಗೇಟು ತೆಗೆದೊಡನೆ ಇಳಿದು,
ಸತ್ಯಮಂಗಲದಲ್ಲಿ ಚೆಂಡುಹೂವಿನ ಮೂಟೆ ಇಳಿಸಿ,
ಹಿಂದಿರುಗಿ ಹತ್ತುವಾಗ
ಐವತ್ತೆಂಬ ಅಂಕಿ ಯಾವ ತಿರುವಿನಲ್ಲಿ ಮೂಡುತ್ತದೋ
ಅದೇ ನನ್ನ ರೀಡಿಂಗು.

ಮೊದಲ ಯುಗಾದಿಗೆ ಇಪ್ಪತ್ತಮೂರನೆಯ ತಿರುವು.
ಮಳೆಗಾಲಕ್ಕೆ ಇಪ್ಪತ್ತೆರಡು.
ಇಳಿಯುವಾಗ ಮಾತ್ರ ಮೂರು ಅಂಕಿ ವಾಪಸು ಕೊಡುತ್ತದೆ ಬೆಟ್ಟ;
ಇಂಥ ದೊಡ್ಡ ಮನಸ್ಸು ನಮ್ಮ ಇಲಾಖೆಯಲ್ಲಿ ಕಂಡಿರಲಿಲ್ಲ.
ಒಮ್ಮೆ ಒಂಬತ್ತರಲ್ಲಿ ಕಬ್ಬಿನ ಲಾರಿಯ ಮುಂದೆ ಆನೆ ನಿಂತು
ಮುಕ್ಕಾಲು ಗಂಟೆ. ಡೀಸೆಲ್ಲಿನವರು ಉರಿದುಕೊಂಡರು.
ನನ್ನದು ಒಂದಂಕಿಯೂ ಕದಲಲಿಲ್ಲ.
ಅದನ್ನೂ ಬರೆದೆ.

ಎರಡನೆಯ ವರ್ಷ ಇಪ್ಪತ್ತು. ಹತ್ತೊಂಬತ್ತು. ಹತ್ತೊಂಬತ್ತು.
ಆಮೇಲೆ ಒಂದೇ ಸಲ ಹದಿನಾರು.

ಸವೆತ ಹೀಗೆ ಜಿಗಿಯುವುದಿಲ್ಲ.
ಚಪ್ಪಲಿ ಸವೆದಂತೆ ಸವೆಯಬೇಕು ಅದು.
ಜಿಗಿದರೆ ನಮ್ಮಲ್ಲಿ ಅದಕ್ಕೆ ಬೇರೆ ಹೆಸರು: ಕಳ್ಳತನ.
ಕಂಬಕ್ಕೆ ಕೊಕ್ಕೆ ಹಾಕಿದವರನ್ನು, ಮೀಟರಿಗೆ ಅಯಸ್ಕಾಂತ ಅಂಟಿಸಿದವರನ್ನು,
ಒಮ್ಮೆ ಸ್ವಂತ ಬೀಗರನ್ನೂ ಹಿಡಿದ ಕೈ ಇದು.
ರಾತ್ರಿ ಹತ್ತಕ್ಕೆ ನೋಡಿದೆ: ನೂರು. ವೈರು ಕಿತ್ತು ಮಲಗಿದೆ.
ಬೆಳಿಗ್ಗೆ ಐದಕ್ಕೆ: ತೊಂಬತ್ತೇಳು.

ಮೂರನೆಯ ರಾತ್ರಿ ನಿದ್ದೆಗೆಟ್ಟು ಕಿಟಕಿಯಲ್ಲಿ ಕೂತೆ.
ಎರಡರ ಸುಮಾರಿಗೆ ಹಿತ್ತಿಲ ಬಾಗಿಲು ಸರಿಯಿತು.
ಗುರುಸಿದ್ದಮ್ಮ.
ಚಳಿಗೆ ನನ್ನ ಹಳೆಯ ಖಾಕಿ ಸ್ವೆಟರು ತೊಟ್ಟು
ಕಾರಿನೊಳಗೆ ಹೋಗಿ ಬಾಗಿಲೆಳೆದುಕೊಂಡಳು.
ಹೀಟರಿನ ಸಣ್ಣ ಗುಂಯ್. ಮುಖದ ಮೇಲೆ ನೀಲಿ ಬೆಳಕು.
ನನ್ನ ಸೀಟು. ಎರಡೂ ಕೈ ಸ್ಟಿಯರಿಂಗಿನ ಮೇಲೆ.
ಕಾರು ನಿಂತೇ ಇತ್ತು. ಅವಳು ಎಡಕ್ಕೆ ತಿರುಗಿಸಿದಳು, ತಡೆದಳು,
ಬಲಕ್ಕೆ; ಎದುರು ಬಂದ ಯಾರಿಗೋ ದಾರಿ ಬಿಟ್ಟಳು.
ಎಣಿಸಿದೆ. ಇಪ್ಪತ್ತೇಳು.

ಮೂವತ್ತೆಂಟು ವರ್ಷ ನಾನು ಹೊರಗಿನಿಂದ ಬಂದು ಉಂಡ ಮನೆಯಲ್ಲಿ
ಒಳಗಿನಿಂದ ಚಿಲಕ ಹಾಕಿಕೊಳ್ಳಲು ಅವಳಿಗೊಂದು ಕೋಣೆ
ಇರಲಿಲ್ಲವೆಂಬುದನ್ನು
ಯಾವ ಕಾರ್ಡಿನಲ್ಲೂ ನಾನು ಬರೆದಿರಲಿಲ್ಲ.

ನಿಯಮದ ಪ್ರಕಾರ ನೋಟೀಸು ಕೊಡಬೇಕು, ದಂಡ ಹಾಕಬೇಕು.
ನಾನು ಹೋಗಿ ಮಲಗಿ ಗೊರಕೆ ಹೊಡೆದೆ, ಸ್ವಲ್ಪ ಜೋರಾಗಿಯೇ.

ಸರ್ವಿಸಿನ ಹುಡುಗ ಇಳಂಪರಿತಿ ಕಾರ್ಡು ನೋಡಿ ತಲೆ ಕೆರೆದುಕೊಂಡ.
ಲ್ಯಾಪ್‌ಟಾಪು ಎಂಬತ್ತೆಂಟು ಅಂತದೆ,
ನಿಮ್ಮ ಲೆಕ್ಕ ಯಾಕೆ ಸಾರ್ ಇಷ್ಟು ಕೆಳಗೆ?
‘ಬೆಟ್ಟದ ಗಾಡಿ, ಸವೆದಿದೆ’ ಎಂದೆ.
ಮೂವತ್ತೊಂದು ವರ್ಷದಲ್ಲಿ ಬರೆಯದ ಸುಳ್ಳು ರೀಡಿಂಗು
ಈಗ ನೀಲಿ ಇಂಕಿನಲ್ಲಿ, ನನ್ನದೇ ಸಹಿಯ ಮೇಲೆ.
ನಿಜವಾದ ಸವೆತ ಎಷ್ಟು, ಅವಳ ಪಾಲು ಎಷ್ಟು,
ಇನ್ನು ಯಾರೂ ಬಿಡಿಸಲಾರರು.

ಮೊನ್ನೆ ಜೊತೆಗೆ ಬಂದಿದ್ದಳು, ಮೊಣಕಾಲು ತೋರಿಸಲು.
ಹತ್ತುವಾಗ ಮಂಜು. ಬೋರ್ಡೇ ಕಾಣುತ್ತಿರಲಿಲ್ಲ.
‘ಇದು ಹದಿನಾಲ್ಕು’ ಎಂದಳು, ಕಣ್ಣು ಮುಚ್ಚಿಕೊಂಡೇ.
‘ಐವತ್ತು ಈಗ ಇಲ್ಲೇ ಬಂದ್ಬುಡ್ತದೆ. ನಿಧಾನಕ್ಕೆ ತಿರುಗ್ಸಿ.’
ತಿರುಗಿಸಿದೆ.
ಬಂತು.